ಕಾಕುವಿಗೆ ಗುಡ್ಡ ತೋರಿಸಲು ಹೋದದ್ದು

ನಮ್ಮ ಕಾಕು ಮದುವೆಯಾಗಿ ಬಂದದ್ದು ಅಥಣಿ ಕಡೆಯ ಅನಂತಪುರದಿಂದ. ಕಾಕು ಎಂದರೆ ಅಪ್ಪನ ತಮ್ಮನ ಹೆಂಡತಿ. ಅವಳ ತವರಿನ ಕಡೆ ನೆಲವೆಲ್ಲ ಸಪಾಟು. ಬಸ್ಸು ಬರುತ್ತಿರುವುದು ಊರಿನ ಕಟ್ಟೆಯ ಮೇಲೆ ಕೂತವರಿಗೆ ಎಷ್ಟೋ ದೂರದಿಂದಲೇ ಕಾಣುತ್ತದಂತೆ, ಅದನ್ನು ನೋಡಿದ ಮೇಲೆ ಮನೆಗೆ ಹೋಗಿ ತಲೆ ಬಾಚಿಕೊಂಡು ಬಂದರೂ ಬಸ್ಸು ಸಿಗುತ್ತದಂತೆ. "ನಮ್ಮೂರಾಗ ಎತ್ತರ ಅಂದ್ರ ಬಣವಿ ಒಂದ" ಎನ್ನುತ್ತಿದ್ದಳು. ಹುಲ್ಲಿನ ಬಣವೆಗಿಂತ ಮೇಲೆ ಅವಳು ಯಾವತ್ತೂ ಹತ್ತಿದವಳಲ್ಲ.

ನಮ್ಮೂರಿನ ಕಥೆ ಬೇರೆ. ನಿಪ್ಪಾಣಿಯಿಂದ ಬಸ್ಸಿನಲ್ಲಿ ಅರ್ಧ ತಾಸು, ಗುಡ್ಡಕ್ಕೆ ಬೆನ್ನು ಹಚ್ಚಿ ಕೂತ ಊರು. ಹಿತ್ತಿಲ ಬಾಗಿಲು ತೆಗೆದರೆ ಎದುರಿಗೇ ಗುಡ್ಡ. ಬಂದ ಹೊಸದರಲ್ಲಿ ಕಾಕು ಮುಸುರೆ ತಿಕ್ಕಲು ಹಿತ್ತಿಲಿಗೆ ಹೋದರೆ ಬೇಗ ಒಳಗೆ ಬರುತ್ತಿರಲಿಲ್ಲ. ಕೈ ಪಾತ್ರೆಯ ಮೇಲೆ, ಕಣ್ಣು ಗುಡ್ಡದ ಮೇಲೆ. ಒಂದೇ ತಂಬಿಗೆಯನ್ನು ತಿಕ್ಕುತ್ತಲೇ ಇರುತ್ತಿದ್ದಳು. ನಮ್ಮ ಮನೆಯ ತಂಬಿಗೆಗಳು ಆ ವರ್ಷ ಹೊಳೆದಷ್ಟು ಮತ್ತೆ ಯಾವ ವರ್ಷವೂ ಹೊಳೆಯಲಿಲ್ಲ. ಅವಳು ಹಿತ್ತಿಲ ಬಾಗಿಲ ಹತ್ತಿರ ಬಂದದ್ದು ಎಲ್ಲರಿಗೂ ಗೊತ್ತಾಗುತ್ತಿತ್ತು. ತವರಿನವರು ಅಥಣಿಯಲ್ಲಿ ಮಾಡಿಸಿಕೊಟ್ಟ ಹೊಸ ಚರ್ಮದ ಚಪ್ಪಲಿ ಹೆಜ್ಜೆಗೊಮ್ಮೆ ಕರ್‍ರ್ ಎನ್ನುತ್ತಿತ್ತು. ಒಳ್ಳೆಯ ಚಪ್ಪಲಿಯ ಲಕ್ಷಣವೇ ಅದು ಎಂದು ಅವಳ ಹೆಮ್ಮೆ.

ಎಂಬತ್ತರ ದಶಕದ ಕೊನೆಯ ಮಾತು. ನಾನು ಐದನೇ ಇಯತ್ತೆ ಮುಗಿಸಿ ಬೇಸಿಗೆಯ ಸೂಟಿಯನ್ನು ಬಹುತೇಕ ತಿಂದು ಮುಗಿಸಿದ್ದೆ. ಸಾಲೆ ಶುರುವಾಗಲು ಕೆಲವೇ ದಿನ ಉಳಿದಿದ್ದಾಗ ರೋಹಿಣಿ ಮಳೆ ಚೆನ್ನಾಗಿ ಬಿತ್ತು. ಮಳೆ ನಿಂತ ನಾಲ್ಕಾರು ದಿನಕ್ಕೆ, ಪಕ್ಕದ ಓಣಿಯ ಆಡು ಕಾಯುವ ಹೆಂಗಸು ಸಂಜೆ ಗುಡ್ಡದಿಂದ ಇಳಿದು ಬರುವಾಗ ತುರುಬಿನಲ್ಲಿ ಬಿಳಿಯ ಹೂವಿನ ಗೊಂಚಲು ಸಿಕ್ಕಿಸಿಕೊಂಡಿದ್ದಳು. ಉದ್ದ ಉದ್ದ ತೆಳ್ಳನೆಯ ಎಸಳು. ಕಾಕು ಅವಳನ್ನು ತಡೆದು ನಿಲ್ಲಿಸಿ ಇದೆಲ್ಲಿಯದು ಎಂದು ಕೇಳಿದಳು. ಮೇಲೆ ಎಲ್ಲ ಕಡೆ ಹಾಸಿಬಿಟ್ಟಿದೆ, ಕಾಲಿಡಲು ಜಾಗವಿಲ್ಲ ಎಂದು ಆ ಹೆಂಗಸು ಹೇಳಿ ಆಡು ಹೊಡೆದುಕೊಂಡು ಹೋದಳು.

ಅವತ್ತು ಸಂಜೆ ಹೊತ್ತಿರುವಾಗಲೇ ಎಲ್ಲರೂ ಊಟಕ್ಕೆ ಕೂತಿದ್ದೆವು. ನಮ್ಮದು ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಅಜ್ಜ ಮತ್ತು ಆಯಿ ಒಂದು ಅಗುಳೂ ಮುಟ್ಟುತ್ತಿರಲಿಲ್ಲ. ಆಯಿ ಎಂದರೆ ನನ್ನ ಅಜ್ಜಿ. ಕಾಕು ರೊಟ್ಟಿ ಬಡಿಸುತ್ತ ಬಡಿಸುತ್ತ ಮೆಲ್ಲಗೆ ಕೇಳಿದಳು.

"ಅತ್ತಿ, ನಾ ಒಮ್ಮಿ ಗುಡ್ಡದ ಮ್ಯಾಲ ಹೋಗಿ ಹೂವ ನೋಡಿ ಬರ್ಲೇನ್ರಿ?"

ನಮ್ಮ ಮನೆಯಲ್ಲಿ ಯಾರೂ ಸುಮ್ಮಸುಮ್ಮನೆ ಗುಡ್ಡ ಹತ್ತಿದವರಲ್ಲ. ಕಟ್ಟಿಗೆಗೆ ಹತ್ತುತ್ತಾರೆ, ಎಮ್ಮೆ ತಪ್ಪಿಸಿಕೊಂಡರೆ ಬೈಯುತ್ತ ಹತ್ತುತ್ತಾರೆ. ಹೂ ನೋಡಲು ಹತ್ತುವುದೆಂದರೆ ಏನು? ಅಜ್ಜ ಮೊದಲು ಬಾಯಿ ತೆರೆದ. ಮಳೆ ಬಿದ್ದಿದೆ, ಹೊಲದಲ್ಲಿ ಕುಂಟೆ ಹೊಡೆಯುವುದಿದೆ, ಇಂಥ ಹೊತ್ತಿನಲ್ಲಿ ಹೂ ನೋಡಲು ಹೋದರೆ ಊರ ಜನ ಏನೆಂದಾರು ಎಂದು ಹೇಳಿ, ಕೊನೆಗೆ ತಾನೇ ಮೆಚ್ಚಿಕೊಂಡ ಮಾತೊಂದನ್ನು ಸೇರಿಸಿದ.

"ಗುಡ್ಡ ಇಲ್ಲಿಂದ ಪೂರಾ ಕಾಣತೈತಿ. ಹತ್ತಿದ್ರ ಕಾಲಾಗಿನ ಕಲ್ಲಷ್ಟ ಕಾಣತಾವ."

ಆಗ ಆಯಿ, ತಲೆಯೆತ್ತದೆ ರೊಟ್ಟಿ ಮುರಿಯುತ್ತ, "ಹೊಸಾ ಹುಡುಗಿ, ಬಾಯಿಬಿಟ್ಟ ಒಂದ್ ಕೇಳೈತಿ. ಹೋಗೂಣು. ನಾನೂ ಬರ್ತೇನಿ" ಎಂದಳು.

ಹೊಸಿಲು ದಾಟುವಾಗಲೂ ಮೊಣಕಾಲು ಹಿಡಿದುಕೊಳ್ಳುವ ಆಯಿ ಗುಡ್ಡ ಹತ್ತುವ ಮಾತಾಡಿದ್ದು ಕೇಳಿ ಅಪ್ಪನಿಗೆ ನೀರು ನೆತ್ತಿಗೇರಿತು. ಮನೆಯ ಎಲ್ಲ ನಿರ್ಧಾರವೂ ಅಜ್ಜನದೇ ಆಗಿತ್ತು. ಆದರೆ ಆಯಿ ಅದನ್ನು ಮೊದಲು ಹೇಳಿಬಿಟ್ಟಿರುತ್ತಿದ್ದಳು.

ಮರುದಿನ ಆಯಿ ಶೇಂಗಾ ಹೋಳಿಗೆ ಮಾಡಲು ಕೂತಳು. ಅವ್ವ ಬೇಯಿಸಿ ಬೇಯಿಸಿ ಸುಸ್ತಾದಳು. ಹೋಗುವವರು ಆಯಿ, ಅವ್ವ, ಕಾಕು, ಕಾಕಾ ಮತ್ತು ನಾನು. ಇಷ್ಟೇ ಜನಕ್ಕೆ ಇಷ್ಟು ಹೋಳಿಗೆ ಯಾಕೆ ಎಂದು ಅವ್ವ ಕೇಳಿದಾಗ, ಗುಡ್ಡದ ಗಾಳಿಗೆ ಹಸಿವೆ ಜಾಸ್ತಿ ಎಂದು ಆಯಿ ಉತ್ತರ ಕೊಟ್ಟಳು. ಒಂದು ಪಾಲು ಹೋಳಿಗೆಯನ್ನು ಬೇರೆ ಬಟ್ಟೆಯಲ್ಲಿ ಕಟ್ಟಿ, ಅದನ್ನು ಯಾರೂ ಬಿಚ್ಚಕೂಡದೆಂದು ತಾಕೀತು ಮಾಡಿದಳು.

ಹೊರಡುವ ದಿನ ನಸುಕಿನಲ್ಲಿ ಆಯಿ ಒಳಗಿನಿಂದ ಬಂದದ್ದು ಹಸಿರು ಇಳಕಲ್ ಸೀರೆಯಲ್ಲಿ. ಅದು ಮದುವೆ ಮುಂಜಿಗೆ ಮಾತ್ರ ಟ್ರಂಕಿನಿಂದ ಹೊರಬರುವ ಸೀರೆ. ಮುಳ್ಳುಕಂಟಿಯಲ್ಲಿ ಹೋಗುವಾಗ ಇದನ್ಯಾಕೆ ಉಟ್ಟಿರಿ ಎಂದು ಅವ್ವ ಕೇಳಿದಳು. ಗುಡ್ಡದ ಮೇಲೆ ಹಿಂದಿನ ಕಾಲದ ಮುನಿಗಳ ಪಾದ ಕೆತ್ತಿದ ಕಲ್ಲಿದೆಯಂತೆ, ಅಲ್ಲಿಗೆ ಹಳೆಯ ಸೀರೆಯಲ್ಲಿ ಹೋಗುವುದೇ ಎಂದು ಆಯಿ ಅವಳಿಗೇ ತಿರುಗಿ ಕೇಳಿದಳು. ಅಜ್ಜ ಕಟ್ಟೆಯ ಮೇಲೆ ಕೂತು, ನಾವು ಹೋಗುವುದನ್ನು ನೋಡದವನ ಹಾಗೆ ನೋಡುತ್ತಿದ್ದ. ಅಪ್ಪ ಆಗಲೇ ಹೊಲಕ್ಕೆ ಹೋಗಿದ್ದ.

ದಾರಿ ತೋರಿಸುವ ಜವಾಬ್ದಾರಿ ಕಾಕಾನದು. ಚಿಕ್ಕವನಿದ್ದಾಗ ಎಮ್ಮೆ ಕಾಯಲು ಹೋಗಿ ಹೋಗಿ ಆ ಗುಡ್ಡದ ಪ್ರತಿಯೊಂದು ಕಲ್ಲೂ ತನಗೆ ಪರಿಚಯ ಎಂದು ಹೆಂಡತಿಯ ಮುಂದೆ ಹೇಳಿಕೊಂಡಿದ್ದ. ಮೊದಲ ತಾಸು ಕಲ್ಲುಗಳು ಅವನ ಮಾತು ಕೇಳಿದವು. ಆಮೇಲೆ ಕಾಲುದಾರಿ ತೆಳ್ಳಗಾಗುತ್ತ ಹೋಗಿ, ಕವಳಿ ಕಂಟಿಗಳ ನಡುವೆ ಪೂರ್ತಿ ಕರಗಿತು. ಸುತ್ತ ಮುಳ್ಳು, ಮುಂದೆ ಮುಳ್ಳು. ಕಾಕಾ ಸೊಂಟದ ಮೇಲೆ ಕೈಯಿಟ್ಟು ನಿಂತು, ಈ ಕಂಟಿ ಮೊದಲು ಇಲ್ಲಿರಲಿಲ್ಲ ಎಂದ.

ದಾರಿ ತಪ್ಪಿದ್ದರಿಂದ ನನಗಂತೂ ಲಾಭವಾಯಿತು. ಕಂಟಿಯ ತುಂಬ ಕವಳಿ ಹಣ್ಣು ಕಪ್ಪಗೆ ಮಾಗಿ ತೂಗುತ್ತಿದ್ದವು. ಎಲ್ಲರೂ ಬುತ್ತಿ ಕೆಳಗಿಟ್ಟು ತಿನ್ನಲು ನಿಂತೆವು. ಹಣ್ಣಿನ ಹಾಲು ತುಟಿಗೆ ಅಂಟಿ, ರಸಕ್ಕೆ ನಾಲಿಗೆ ನೇರಳೆಯಾಗಿ, ನಾವು ಒಬ್ಬರ ಬಾಯಿ ಒಬ್ಬರು ನೋಡಿ ನಕ್ಕೆವು.

ಕಾಕುವಿನ ಹೊಸ ನೈಲಾನ್ ಸೀರೆಗೂ ಮುಳ್ಳಿಗೂ ಬಹಳ ಪ್ರೀತಿ ಹುಟ್ಟಿತ್ತು. ಅವಳನ್ನು ಒಂದು ಕಂಟಿಯಿಂದ ಬಿಡಿಸಿದರೆ ಇನ್ನೊಂದು ಹಿಡಿದುಕೊಳ್ಳುತ್ತಿತ್ತು. ಕಚ್ಚೆ ಹಾಕಿ ಸೀರೆ ಉಟ್ಟ ಆಯಿ ಮಾತ್ರ ಮೊಣಕಾಲಿನ ನೋವನ್ನು ಮನೆಯಲ್ಲೇ ಬಿಟ್ಟು ಬಂದವಳ ಹಾಗೆ ಎಲ್ಲರಿಗಿಂತ ಮುಂದೆ ನಡೆದಿದ್ದಳು. ಕಲ್ಲಿನ ಮೇಲೆ ಜಾರುತ್ತದೆಂದು ಕಾಕು ಚಪ್ಪಲಿ ಕಳಚಿದಳು. ಅವಳ ಒಂದು ಕೈಯಲ್ಲಿ ನೀರಿನ ಕೊಡ, ಇನ್ನೊಂದರಲ್ಲಿ ಸೀರೆಯ ನಿರಿಗೆ. ಹೀಗಾಗಿ ಚಪ್ಪಲಿ ಕಾಕಾನ ಕೈಗೆ ಬಂತು. ಗಂಡಸು ಹೆಂಡತಿಯ ಚಪ್ಪಲಿ ಹಿಡಿದು ನಡೆಯುವುದನ್ನು ನಮ್ಮೂರಲ್ಲಿ ಆಗ ಯಾರೂ ಕಂಡಿರಲಿಲ್ಲ. ಆಯಿ ಹಿಂದಿರುಗಿ ನೋಡಿದಾಗೆಲ್ಲ ಅವನು ಚಪ್ಪಲಿಯನ್ನು ಬೆನ್ನ ಹಿಂದೆ ಅಡಗಿಸಿ, ಆಕಾಶದಲ್ಲಿ ಮೋಡ ಹುಡುಕುತ್ತಿದ್ದ. ಆಯಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಮತ್ತೆ ಮತ್ತೆ ಹಿಂದಿರುಗಿ ನೋಡುತ್ತಿದ್ದಳು ಎಂದು ಈಗ ನನಗೆ ಅನ್ನಿಸುತ್ತದೆ.

ಕೊನೆಯ ಏರನ್ನು, ಕೊಡ ಬುತ್ತಿಗಳನ್ನು ಕೈಯಿಂದ ಕೈಗೆ ದಾಟಿಸುತ್ತ, ಕೈಕಾಲು ಊರಿ ಹತ್ತಿದೆವು. ಮೇಲೆ ಹೋದರೆ ಗುಡ್ಡಕ್ಕೆ ತುದಿಯೇ ಇರಲಿಲ್ಲ. ಅಗಲವಾದ ಮಾಳ. ಆ ಮಾಳದ ಮೇಲೆಲ್ಲ ಬಿಳಿ ಹೂ. ಹುಲ್ಲು ಇನ್ನೂ ಸರಿಯಾಗಿ ಚಿಗುರಿರಲಿಲ್ಲ, ಎಲೆ ಕೂಡ ಬಂದಿರಲಿಲ್ಲ, ಕೆಂಪು ನೆಲವನ್ನು ಸೀಳಿಕೊಂಡು ಬರಿಯ ದಂಟು ಎದ್ದು ಅದರ ತಲೆಯ ಮೇಲೆ ಹೂ. ಕಲ್ಲಿನ ಸಂದಿಯಲ್ಲೂ ಹೂ, ಕುರಿಗಳು ತುಳಿದ ಜಾಡಿನ ಎರಡೂ ಬದಿಗೆ ಹೂ. ನಡುನಡುವೆ ಉಗುರಿನಷ್ಟು ಚಿಕ್ಕ ಹಳದಿಯವು. ಗಾಳಿ ಬಂದರೆ ಇಡೀ ಮಾಳ ಒಮ್ಮೆ ಬಾಗಿ ಎದ್ದು ನಿಲ್ಲುತ್ತಿತ್ತು.

ಕಾಕು ಅಂಚಿನಲ್ಲೇ ನಿಂತಳು. ಬಹಳ ಹೊತ್ತು ನಿಂತಳು. ಕೊಡವನ್ನು ಕೆಳಗಿಡುವುದನ್ನೂ ಮರೆತಿದ್ದಳು. ಕಾಕಾ ಏನೋ ಹೇಳಲು ಹೋದ, ಅವ್ವ ಅವನ ತೋಳು ಹಿಡಿದು ಸುಮ್ಮನಿರಿಸಿದಳು. ಆಮೇಲೆ ಕಾಕು ಕೊಡ ಇಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವ್ವನ ಕಡೆ ಎರಡೂ ಕೈ ಚಾಚಿದಳು.

"ವೈನಿ, ಫುಗಡಿ ಆಡೂಣ ಬರ್ರಿ."

ಫುಗಡಿ ಎಂದರೆ ಪಂಚಮಿಯ ಹೊತ್ತಿಗೆ ಹುಡುಗಿಯರು ಕೈ ಕೈ ಹಿಡಿದು ಗರಗರ ತಿರುಗುವ ಆಟ. ಅವ್ವ ಆಟ ಆಡುವವಳೆಂದು ನನಗೆ ಗೊತ್ತೇ ಇರಲಿಲ್ಲ. ನಾನು ಹುಟ್ಟಿದಾಗಿನಿಂದ ಅವಳು ಒಲೆ, ಎಮ್ಮೆ, ಹೊಲ ಈ ಮೂರರ ನಡುವೆ ಓಡಾಡುವುದನ್ನಷ್ಟೇ ನೋಡಿದ್ದೆ. ಅವ್ವ ಅತ್ತೆಯ ಕಡೆ ಒಮ್ಮೆ ನೋಡಿದಳು. ಆಯಿ ಬೇರೆ ಕಡೆ ಮುಖ ಮಾಡಿದ್ದಳು. ಅಷ್ಟೇ ಸಾಕಾಯಿತು. ಕುರಿಯ ಜಾಡಿನ ಬೋಳು ಜಾಗದಲ್ಲಿ ಕಾಲಿಗೆ ಕಾಲು ಹಚ್ಚಿ ಇಬ್ಬರೂ ತಿರುಗಿದರು, ಕೂದಲು ಬಿಚ್ಚಿತು, ಅವ್ವನ ಬಳೆ ಒಂದು ಒಡೆಯಿತು. ತಲೆ ತಿರುಗಿ ಇಬ್ಬರೂ ಕೂತು ನಕ್ಕದ್ದು ನಕ್ಕದ್ದೇ. ನಾನು ಬೆಪ್ಪಾಗಿ ನೋಡುತ್ತಿದ್ದೆ.

ಬುತ್ತಿ ಬಿಚ್ಚಿದ ಮೇಲೆ ಹೂವಿನ ಹೆಸರಿನ ಜಗಳ ಹುಟ್ಟಿತು. ಇದರ ಹೆಸರೇನು ಎಂದು ಕಾಕು ಕೇಳಿದಳು. ಮರಾಠಿಯಲ್ಲಿ ಇದಕ್ಕೆ ಪಾಂಢರ ಫೂಲ ಎನ್ನುತ್ತಾರೆ ಎಂದು ಕಾಕಾ ಬಹಳ ತಿಳಿದವನಂತೆ ಹೇಳಿದ. ಅದರ ಅರ್ಥ ಬಿಳಿ ಹೂ ಎಂದಷ್ಟೇ ಎಂಬುದು ನಿಪ್ಪಾಣಿಯ ಸಂತೆಗೆ ಹೋಗಿ ಬರುವ ನಮಗೆಲ್ಲ ಗೊತ್ತಿತ್ತು. ಆಯಿ, ಇದು ದೇವರ ಮಲ್ಲಿಗೆ ಎಂದಳು. ಅಷ್ಟರಲ್ಲಿ ಅವ್ವ ಮಳೆಗೆ ಕೊರೆದುಹೋದ ಕಡೆ ಹೊರಗೆ ಕಾಣುತ್ತಿದ್ದ ಗಡ್ಡೆಯೊಂದನ್ನು ನೋಡಿ, ಥೇಟ್ ಉಳ್ಳಾಗಡ್ಡಿ ಇದ್ದ ಹಾಗಿದೆ, ಉಳ್ಳಾಗಡ್ಡಿ ಹೂ ಎನ್ನಬಹುದು ಎಂದುಬಿಟ್ಟಳು. ಆಯಿ ಅಡುಗೆಮನೆಯೊಳಗೆ ಉಳ್ಳಾಗಡ್ಡಿಯ ಸಿಪ್ಪೆಯನ್ನೂ ಬಿಟ್ಟುಕೊಂಡವಳಲ್ಲ. ಇಷ್ಟು ಶುದ್ಧ ಹೂವಿಗೆ ಅಂಥ ಹೆಸರಿಟ್ಟರೆ ಪಾಪ ಬರುತ್ತದೆ ಎಂದು ಸಿಟ್ಟಾದಳು.

ಹತ್ತಿರದಲ್ಲಿ ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ ನಾವು ಆಡಿದ್ದೆಲ್ಲವನ್ನೂ ಕೋಲಿಗೆ ಗದ್ದ ಊರಿ ನೋಡುತ್ತಿದ್ದ. ಕಾಕಾ ಅವನಿಗೊಂದು ಹೋಳಿಗೆ ಕೊಟ್ಟು, ನೀವಾದರೂ ಹೇಳಿ ಎಂದ. ಮುದುಕ ಹೋಳಿಗೆ ಪೂರ್ತಿ ತಿಂದು ಮುಗಿಸುವವರೆಗೆ ವಿಚಾರ ಮಾಡಿದ.

"ಕುರಿ ಇದನ್ನ ತಿನ್ನಂಗಿಲ್ರಿ. ತಿನ್ನದ್ದಕ್ಕ ಹೆಸರ ಯಾಕ ಬೇಕ್ರಿ?"

ಈ ನ್ಯಾಯ ಯಾರ ಪರವೂ ಆಗಲಿಲ್ಲವಾದ್ದರಿಂದ ಎಲ್ಲರೂ ಒಪ್ಪಿಕೊಂಡೆವು.

ಕೈ ತೊಳೆದು ನೋಡಿದರೆ ಆಯಿ ಇಲ್ಲ. ಪಾದದ ಕಲ್ಲು ಹುಡುಕಲು ಹೋಗಿರಬೇಕೆಂದು ಅವ್ವ ಅಂದುಕೊಂಡಳು. ನಾನು ಹುಡುಕುತ್ತ ಹೋದೆ. ಮಾಳದ ಆಚೆಯ ಅಂಚಿನಲ್ಲಿ, ನೆಲ ಇಳಿಜಾರಾಗುವ ಕಡೆ, ಆಯಿ ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಬಗಲಲ್ಲಿ ಬಿಚ್ಚದ ಆ ಹೋಳಿಗೆಯ ಗಂಟು. ಕೆಳಗೆ ಒಂದು ಊರು ಕಾಣುತ್ತಿತ್ತು. ನಾನು ಹತ್ತಿರ ಹೋದಾಗ ಬೆರಳು ಮಾಡಿ ತೋರಿಸಿದಳು.

"ಆ ಹುಣಸಿ ಗಿಡ ಕಾಣತೈತಿಲ್ಲೋ, ಅದರ ಬಾಜೂಕ ಹೆಂಚಿನ ಮನಿ. ಅದ ನಮ್ಮಪ್ಪನ ಮನಿ."

ಆಯಿಯ ತವರು ಗುಡ್ಡದಾಚೆಗಿದೆ ಎಂದು ನಮಗೆ ಗೊತ್ತಿತ್ತು. ಆದರೆ ಅಲ್ಲಿಗೆ ಹೋಗುವುದೆಂದರೆ ನಿಪ್ಪಾಣಿಗೆ ಹೋಗಿ, ಬಸ್ಸು ಬದಲಿಸಿ, ಗುಡ್ಡವನ್ನು ಪೂರ್ತಿ ಸುತ್ತು ಹಾಕಿ ಹೋಗಬೇಕಿತ್ತು. ಇಷ್ಟು ಹತ್ತಿರ, ಕೂಗಿದರೆ ಕೇಳಬಹುದಾದಷ್ಟು ಹತ್ತಿರ ಇದೆಯೆಂದು ಯಾರೂ ಎಣಿಸಿರಲಿಲ್ಲ. ಅಲ್ಲಿಗೆ ಹೋಗುವುದೂ ಕೆಲವು ವರ್ಷಗಳಿಂದ ನಿಂತಿತ್ತು. ಆಯಿಯ ತಮ್ಮ ತನ್ನ ಮಗನ ಮದುವೆಗೆ ಕರೆಯಲು ತಾನೇ ಬರಲಿಲ್ಲ. ಸಂತೆಯಲ್ಲಿ ಸಿಕ್ಕ ಯಾರದೋ ಕೈಯಲ್ಲಿ ಲಗ್ನಪತ್ರಿಕೆ ಕಳಿಸಿದ. ಅದು ಬದನೆಕಾಯಿಯ ಚೀಲದಲ್ಲಿ ಕೂತು ನಮ್ಮ ಮನೆಗೆ ಬಂತು. ಅಕ್ಕನಿಗೆ ಬದನೆಕಾಯಿಯ ಮರ್ಯಾದೆಯೇ ಎಂದು ಆಯಿ ಮದುವೆಗೆ ಹೋಗಲಿಲ್ಲ. ಅಕ್ಕ ಬರಲಿಲ್ಲವೆಂದು ತಮ್ಮ ಮುನಿಸಿಕೊಂಡ. ಆ ಊರಿನ ದಾರಿ ಇನ್ನು ತುಳಿಯುವುದಿಲ್ಲ ಎಂದು ಆಯಿ ಎಲ್ಲರೆದುರು ಹೇಳಿಬಿಟ್ಟಿದ್ದಳು.

ಉಳಿದವರೂ ಬಂದು ಸೇರಿದರು. ಆಯಿ ಸೆರಗು ಬಿಗಿ ಮಾಡಿಕೊಂಡು ಇಳಿಯಲು ಶುರು ಮಾಡಿದಾಗ ಕಾಕಾ ಗಾಬರಿಯಾದ.

"ಅವ್ವಾ, ಆ ಊರ ದಾರಿ ತುಳಿಯಂಗಿಲ್ಲ ಅಂದಿದ್ದೆಲ್ಲ."

ಆಯಿ ನಿಂತು ಸುತ್ತ ನೋಡಿದಳು. "ಇಲ್ಲೆಲ್ಲೈತಿ ದಾರಿ?"

ಕಾಕಾ ನಿಜವಾಗಿಯೂ ಹುಡುಕಿದ. ದಾರಿ ಇರಲಿಲ್ಲ. ಅವ್ವ ಕಾಕುವಿನ ಮುಖ ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೋಳಿಗೆ, ಇಳಕಲ್ ಸೀರೆ, ಮೊಣಕಾಲು, ಎಲ್ಲದರ ಅರ್ಥ ಅವಳಿಗೆ ಆಗಷ್ಟೇ ಆಗಿತ್ತು.

ಇಳಿದದ್ದು ಹತ್ತಿದ್ದಕ್ಕಿಂತ ಕಷ್ಟವಾಯಿತು. ಆಯಿ ಕಾಕುವಿನ ಹೆಗಲು ಹಿಡಿದು ಅಡ್ಡಡ್ಡ ಹೆಜ್ಜೆ ಇಟ್ಟಳು. ನಾನೂ ಕಾಕಾನೂ ಬಹಳಷ್ಟು ಕಡೆ ಕೂತೇ ಜಾರಿದೆವು. ಮಧ್ಯಾಹ್ನ ಹೊರಳುವ ಹೊತ್ತಿಗೆ ಆಯಿಯ ತಮ್ಮನ ಕೊಟ್ಟಿಗೆಯ ಹಿಂದಿನಿಂದ ಅವನ ಅಂಗಳಕ್ಕೆ ಕಾಲಿಟ್ಟೆವು. ಅವನು ಹುಣಸೆಮರದ ಕೆಳಗೆ ಕೂತು ಹಗ್ಗ ಹೊಸೆಯುತ್ತಿದ್ದ. ತಲೆಯೆತ್ತಿದರೆ, ತಲೆಯ ತುಂಬ ಬಿಳಿ ಹೂ ಮುಡಿದ, ಬಾಯೆಲ್ಲ ನೇರಳೆಯಾದ, ಮಣ್ಣು ಮೆತ್ತಿದ ಒಂದು ಗುಂಪು. ಅದರಲ್ಲೊಬ್ಬ ಗಂಡಸಿನ ಕೈಯಲ್ಲಿ ಹೆಂಗಸಿನ ಚಪ್ಪಲಿ. ಅವನ ಕೈಯಲ್ಲಿನ ಹಗ್ಗ ತಾನಾಗಿ ಬಿಚ್ಚಿಕೊಳ್ಳುತ್ತ ಹೋಯಿತು. ಅಕ್ಕ ತಮ್ಮ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಯಾರು ಮೊದಲು ಮಾತಾಡಬೇಕೆಂಬುದೇ ಇಷ್ಟು ವರ್ಷದ ಜಗಳವಾಗಿತ್ತಲ್ಲ.

ಕೊನೆಗೆ ತಮ್ಮನೇ, "ಅಕ್ಕಾ, ಬಿಸಲಾಗ ಬಂದಿ. ಮೊದ್ಲ ನೀರ ಕುಡಿ" ಎಂದ.

ಆಯಿ ನೀರು ಕುಡಿದಳು. ಆಮೇಲೆ ಗಂಟು ಬಿಚ್ಚಿದಳು. ಹೋಳಿಗೆಯ ಕೆಳಗೆ ಒಂದು ಕುಬಸದ ಖಣವಿತ್ತು, ಕೆಂಪು ಅಂಚಿನದು. "ನಿನ್ನ ಸೊಸಿಗಿ ಲಗ್ನದ ಆಹೇರ. ಸ್ವಲ್ಪ ತಡಾ ಆತು" ಎಂದಳು. ಒಳಗಿನಿಂದ ಸೊಸೆ ಬಂದು ಕಾಲಿಗೆ ಬಿದ್ದಳು. ಅವಳ ಸೊಂಟದ ಮೇಲೆ ಆಗಲೇ ಒಂದು ಕೂಸಿತ್ತು. ಆಯಿ ಕೂಸನ್ನು ತೆಗೆದುಕೊಂಡು, ಅದರ ಮೂಗು ಥೇಟ್ ತಮ್ಮಿಬ್ಬರ ಅಪ್ಪನದೇ ಎಂದಳು. ತಮ್ಮ ತಟ್ಟನೆ ಎದ್ದು, ಮಾವಿನ ಹಣ್ಣು ತರುತ್ತೇನೆಂದು ಕೊಟ್ಟಿಗೆಯ ಕಡೆ ಹೋದ. ಹಣ್ಣು ಇದ್ದದ್ದು ಮನೆಯೊಳಗೆ, ಹುಲ್ಲಿನ ಅಡೆಯಲ್ಲಿ. ಕೊಟ್ಟಿಗೆಯಲ್ಲಿ ಅವನು ಏನು ಮಾಡಿದನೋ, ಬಹಳ ಹೊತ್ತಿನ ಮೇಲೆ ಬರಿಗೈಯಲ್ಲಿ ವಾಪಸು ಬಂದ.

ಆಮೇಲೆ ನಮಗೆ ಮಾವಿನ ಹಣ್ಣಿನ ಸೀಕರಣೆ ಬಡಿಸಿದ್ದೇ ಬಡಿಸಿದ್ದು. ಬೇಡವೆಂದವರ ತಾಟಿಗೆ ಎರಡು ಸೌಟು ಜಾಸ್ತಿ ಬಿತ್ತು. ಮತ್ತೆ ಗುಡ್ಡ ಹತ್ತುವುದು ಯಾರ ಹೊಟ್ಟೆಗೂ ಸಾಧ್ಯವಿರಲಿಲ್ಲ. ಹೊತ್ತು ಮುಳುಗುವ ಮುಂಚೆ ಇನ್ನೊಮ್ಮೆ ಉಣ್ಣಿಸಿ, ಆಯಿಯ ತಮ್ಮ ತಾನೇ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹುಲ್ಲು ಹಾಸಿ ನಮ್ಮನ್ನು ಕೂರಿಸಿಕೊಂಡು ಹೊರಟ. ಡಾಂಬರು ರಸ್ತೆ ಬಂದಾಗ, ಈಗ ದಾರಿ ತುಳಿದ ಹಾಗಾಗಲಿಲ್ಲವೇ ಎಂದು ಕಾಕಾ ಕೇಳಿದ. ತಾನು ತುಳಿಯುತ್ತಿಲ್ಲ, ಕೂತಿದ್ದೇನೆ ಎಂದಳು ಆಯಿ.

ಮಬ್ಬುಗತ್ತಲಲ್ಲಿ ಊರು ಮುಟ್ಟಿದರೆ ಮನೆಗೆ ಬೀಗ. ಆಡು ಕಾಯುವ ಹೆಂಗಸು ಓಡಿ ಬಂದಳು. ಹೊತ್ತು ಇಳಿದರೂ ನಾವು ಬಾರದ್ದನ್ನು ನೋಡಿ ಅಜ್ಜ ಕಂಗಾಲಾಗಿ, ಅಪ್ಪನನ್ನು ಹೊಲದಿಂದ ಕರೆಸಿ, ಇಬ್ಬರೂ ಗುಡ್ಡ ಹತ್ತಿ ಹೋಗಿದ್ದಾರೆ ಎಂದು ಹೇಳಿದಳು. ನಾವು ಟ್ರೇಲರಿನಿಂದ ಇಳಿದು ನಿಂತಲ್ಲೇ ನಿಂತೆವು. ಸ್ವಲ್ಪ ಹೊತ್ತಿಗೆ ಹಿತ್ತಿಲ ಕಡೆಯಿಂದ ಬ್ಯಾಟರಿಯ ಬೆಳಕು ಕುಣಿಯುತ್ತ ಇಳಿದು ಬಂತು. ಮುಂದೆ ಅಪ್ಪ, ಹಿಂದೆ ಅಜ್ಜ. ಅಜ್ಜನಿಗೆ ಏದುಸಿರು. ಮೇಲೆ ಆ ಕುರಿ ಕಾಯುವ ಮುದುಕ ಸಿಕ್ಕು, ನಿಮ್ಮ ಹೆಣ್ಣುಮಕ್ಕಳು ನಗುತ್ತ ನಗುತ್ತ ಆಚೆ ಕಡೆ ಇಳಿದು ಹೋದರು ಎಂದು ಹೇಳಿದ್ದನಂತೆ.

ಅಜ್ಜ ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಕಾಕು, ಮಾವನೆದುರು ಅವತ್ತಿನವರೆಗೆ ತಲೆಯೆತ್ತದ ಕಾಕು, ಫಕ್ಕನೆ ನಕ್ಕುಬಿಟ್ಟಳು. ಅಜ್ಜ ತಲೆಗೆ ಸುತ್ತಿದ್ದ ಪಟಗಾದ ಮಡಿಕೆಯಲ್ಲಿ ಒಂದು ಬಿಳಿ ಹೂ ನಿಂತಿತ್ತು. ಅಜ್ಜ ಕೈಯಿಂದ ಮುಟ್ಟಿ ನೋಡಿಕೊಂಡ. ಗಿಡದಿಂದ ಉದುರಿ ಬಿದ್ದಿರಬೇಕು ಎಂದ. ಆ ಹೂವಿಗೆ ಗಿಡವೇ ಇಲ್ಲವೆಂದು ಯಾರೂ ಹೇಳಲಿಲ್ಲ. ಆಯಿಯ ತಮ್ಮ ಮುಂದೆ ಬಂದು ನಮಸ್ಕಾರ ಮಾಡಿದಾಗಷ್ಟೇ ಅಜ್ಜನಿಗೆ ಟ್ರ್ಯಾಕ್ಟರು ಕಂಡಿತು. ಅವನು ಬೈಯುವುದನ್ನು ನುಂಗಿಕೊಂಡು, ಬರ್ರಿ, ಕುಂಡರ್‍ರಿ ಎಂದ.

ಆಯಿಯ ತಮ್ಮ ಒಂದಿಷ್ಟು ಹೊತ್ತು ಕೂತು, ಟ್ರ್ಯಾಕ್ಟರು ತಿರುಗಿಸಿಕೊಂಡು ಹೋದ. ಅಜ್ಜನ ಊಟ ಮಾತ್ರ ತಪ್ಪಿತ್ತು. ಹೊತ್ತು ಮುಳುಗಿದ್ದು ಗುಡ್ಡದ ಮೇಲೆ. ಅವತ್ತು ರಾತ್ರಿ ಅಜ್ಜ ಉಪವಾಸ ಮಲಗಿದ, ನಾವು ಸೀಕರಣೆಯ ತೇಗು ತೇಗುತ್ತ ಮಲಗಿದೆವು.

ಬೆಳಗ್ಗೆ ನನಗೆ ಏಳಲು ಆಗಲಿಲ್ಲ. ಮೀನಖಂಡ ಕಲ್ಲಾಗಿತ್ತು. ಅವ್ವ ಎದ್ದು ಕೂತವಳು ಮತ್ತೆ ಮಲಗಿದಳು. ಕಾಕು ಗೋಡೆ ಹಿಡಿದು ನಮ್ಮ ಕೋಣೆಯವರೆಗೆ ಬಂದು ನಮ್ಮ ಹಾಸಿಗೆಯ ಮೇಲೇ ಕುಸಿದಳು. ಅಡುಗೆಮನೆಯಲ್ಲಿ ಮಾತ್ರ ಸದ್ದಿತ್ತು. ಎಲ್ಲರಿಗಿಂತ ಮೊದಲು ಎದ್ದ ಆಯಿ, ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು, ಅಜ್ಜನಿಗೆ ಬಿಸಿ ಬಿಸಿ ಥಾಲಿಪೆಟ್ಟು ಮಾಡುತ್ತಿದ್ದಳು. ಅಜ್ಜ ಒಂದು ತಿಂದ, ಇನ್ನೊಂದು ತಿಂದ. ಬೆಣ್ಣೆ ಹಾಕಿಸಿಕೊಂಡ. ನಂತರ ಅವನ ದನಿ ಕೇಳಿಸಿತು.

"ಅವನ ಮೊಮ್ಮಗ ಹೆಂಗದಾನ?"

ಆಯಿ ಹೇಳತೊಡಗಿದಳು. ಕೂಸಿನ ಮೂಗು, ಸೊಸೆಯ ಊರು, ಹೊಸ ಟ್ರ್ಯಾಕ್ಟರು, ತಮ್ಮನ ತಲೆ ಪೂರ್ತಿ ನರೆತದ್ದು, ಅಪ್ಪನ ಕಾಲದ ಕಂಬ ಹಾಗೇ ಇರುವುದು. ಹೇಳುತ್ತ ಹೇಳುತ್ತ ಹಂಚಿನ ಮೇಲಿನದು ಸೀಯುವ ವಾಸನೆ ಬಂತು, ಅವಳು ನಿಲ್ಲಿಸಲಿಲ್ಲ. ನಾವು ಮೂವರೂ ಒಂದೇ ಕೌದಿಯ ಕೆಳಗೆ ಕಾಲು ನೀವಿಕೊಳ್ಳುತ್ತ ಕೇಳುತ್ತಿದ್ದೆವು. ಹೊರಗೆ ಎಮ್ಮೆ ಕೂಗುತ್ತಿತ್ತು. ಯಾರಾದರೂ ಎದ್ದು ಹಿಂಡಬೇಕಿತ್ತು.